ಬಿಸಿಲಿಲ್ಲದೆ ಬಿಸಿಲಿನ ಪರೀಕ್ಷೆ: ಸೌರ ಪಂಪಿನ ಪೆಟ್ಟಿಗೆಯನ್ನು ಮೇಜಿನ ಮೇಲೆ ನೋಡುವ ಬಗೆ

ನಮ್ಮ ಜತ್ತ, ಅಕ್ಕಲಕೋಟೆ ಕಡೆಯ ಹೊಲಗಳಲ್ಲಿ ಬಾವಿಯ ದಂಡೆಗೆ ನೀಲಿ ಫಲಕಗಳ ಸಾಲು ನಿಂತಿರುವುದು ಈಗ ಹೊಸ ನೋಟವೇನಲ್ಲ. ಕೇಂದ್ರ ಸರಕಾರದ ಕುಸುಮ್ ಯೋಜನೆ 2019ರಲ್ಲಿ ಹೊರಟಿತು. ಮಹಾರಾಷ್ಟ್ರ ಸರಕಾರದ 'ಮಾಗೇಲ್ ತ್ಯಾಲಾ ಸೌರ ಕೃಷಿ ಪಂಪ್' ಯೋಜನೆ 2024ರಲ್ಲಿ ಬಂದಿತು. ಅದರಲ್ಲಿ ವೆಚ್ಚದ ನೂರಕ್ಕೆ ಹತ್ತರಷ್ಟನ್ನು ರೈತನು ಭರಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ನೂರಕ್ಕೆ ಐದು. ಹೀಗಾಗಿ ಸಣ್ಣ ಹಿಡುವಳಿಯವರ ಹೊಲದಲ್ಲಿಯೂ ಸೂರ್ಯನ ಬಲದಿಂದ ನೀರು ಏಳತೊಡಗಿದೆ. ರಾತ್ರಿ ಸರದಿಯ ವಿದ್ಯುತ್ತಿಗಾಗಿ ಕಂದೀಲು ಹಿಡಿದು ಕಾಯುವ ಕಷ್ಟ ತಪ್ಪಿದ್ದು ದೊಡ್ಡ ಸಂಗತಿಯೇ ಸರಿ.

ಆದರೆ ಯಂತ್ರವೆಂದ ಮೇಲೆ ಕೆಡುವುದೂ ಉಂಟು. ಸೌರ ಪಂಪಿನಲ್ಲಿ ಮುಖ್ಯವಾಗಿ ಮೂರು ಅಂಗಗಳು: ಬಿಸಿಲು ಹಿಡಿಯುವ ಫಲಕಗಳು, ಬಾವಿಯೊಳಗಿನ ಮೋಟರು, ಇವೆರಡರ ನಡುವೆ ಕಂಬಕ್ಕೆ ತೂಗಿದ ಒಂದು ಪೆಟ್ಟಿಗೆ. ಈ ಪೆಟ್ಟಿಗೆಯನ್ನು ಕೆಲವರು ಕಂಟ್ರೋಲರ್ ಎನ್ನುತ್ತಾರೆ, ಕೆಲವರು ಹಳೆಯ ರೂಢಿಯಂತೆ ಸ್ಟಾರ್ಟರ್ ಎನ್ನುತ್ತಾರೆ, ಕಂಪನಿಯವರು ಡ್ರೈವ್ ಎನ್ನುತ್ತಾರೆ, ಪೇಟೆಯ ಮಿಸ್ತ್ರಿ ಇನ್ವರ್ಟರ್ ಎನ್ನುತ್ತಾನೆ. ಫಲಕದಿಂದ ಬರುವ ಡಿ.ಸಿ. ವಿದ್ಯುತ್ತನ್ನು ಮೋಟರಿಗೆ ಬೇಕಾದ ಏ.ಸಿ. ವಿದ್ಯುತ್ತನ್ನಾಗಿ ಮಾರ್ಪಡಿಸುವುದು ಇದರ ಕೆಲಸ. ಮೂರರಲ್ಲಿ ಹೆಚ್ಚು ನಾಜೂಕಾದದ್ದೂ ಇದೇ.

ಪಂಪು ನಿಂತಿತೆಂದರೆ ಪೆಟ್ಟಿಗೆಯನ್ನು ಬಿಚ್ಚಿ ಪೇಟೆಗೆ ಒಯ್ಯುವುದು ರೂಢಿ. ಅಲ್ಲಿ ಮೇಜಿನ ಮೇಲಿಟ್ಟು ವಿದ್ಯುತ್ತು ಕೊಟ್ಟರೆ ಅದು ಚೆನ್ನಾಗಿಯೇ ನಡೆಯುತ್ತದೆ. "ಏನೂ ಆಗಿಲ್ಲ, ಒಯ್ಯಿರಿ" ಎನ್ನುತ್ತಾರೆ. ಹೊಲಕ್ಕೆ ತಂದು ಕಟ್ಟಿದರೆ ಮತ್ತೆ ಹತ್ತು ಗಂಟೆಗೆ ನಿಲ್ಲುತ್ತದೆ. ರೈತನು ಮಿಸ್ತ್ರಿಯನ್ನು ಬೈಯುತ್ತಾನೆ, ಮಿಸ್ತ್ರಿಯು ಫಲಕವನ್ನು ದೂರುತ್ತಾನೆ, ಅಷ್ಟರಲ್ಲಿ ದಾಳಿಂಬೆಯ ಹೂ ಉದುರುತ್ತದೆ. ಇಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂಬುದೇ ಸೋಜಿಗ. ಮೇಜಿನ ಮೇಲೆ ಕೊಟ್ಟ ವಿದ್ಯುತ್ತಿನ ಗುಣವೇ ಬೇರೆ, ಫಲಕ ಕೊಡುವ ವಿದ್ಯುತ್ತಿನ ಗುಣವೇ ಬೇರೆ. ಈ ಅಂತರವೇನು, ಫಲಕದ ಗುಣವನ್ನು ಕೋಣೆಯೊಳಗೆ ನಕಲು ಮಾಡುವುದು ಹೇಗೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ನಮ್ಮ ಊರುಗಳಲ್ಲಿ ಐ.ಟಿ.ಐ. ಓದಿ ಕೆಲಸಕ್ಕೆ ಕಾದಿರುವ ಹುಡುಗರು ಹಲವರಿದ್ದಾರೆ. ಅವರು ಇದನ್ನು ಲಕ್ಷ್ಯಗೊಟ್ಟು ಓದಬೇಕು.

ಫಲಕದ ಸ್ವಭಾವ

ತುಂಬಿದ ಕೆರೆಯ ತೂಬನ್ನು ನೆನೆಯಿರಿ. ಒಂದು ಕಾಲುವೆ ತೆಗೆದರೂ ಎರಡು ತೆಗೆದರೂ ಕೆರೆಯ ಮಟ್ಟ ಅಲ್ಲಾಡುವುದಿಲ್ಲ. ಬೇಡಿದಷ್ಟು ನೀರು ಬರುತ್ತದೆ. ಬ್ಯಾಟರಿ ಹಾಗೂ ಮಿಸ್ತ್ರಿಯ ಮೇಜಿನ ವಿದ್ಯುತ್ ಯಂತ್ರ ಈ ಜಾತಿಯವು. ಇನ್ನು ಬಾವಿಯ ಸೆಲೆಯನ್ನು ನೆನೆಯಿರಿ. ಅದು ನಿಮಿಷಕ್ಕೆ ಇಷ್ಟು ಕೊಡ ಎಂದು ಕೊಡುತ್ತದೆ. ಅದಕ್ಕಿಂತ ಹೆಚ್ಚು ಎತ್ತಹೋದರೆ ಮಟ್ಟ ತಳಕ್ಕೆ ಇಳಿದು ಪಂಪು ಗಾಳಿ ಕುಡಿಯುತ್ತದೆ. ಸೌರ ಫಲಕವು ಸೆಲೆಯ ಜಾತಿಯದು. ಅದರ ಆಂಪಿಯರ್, ಅಂದರೆ ಪ್ರವಾಹ, ಬಿಸಿಲಿನ ಪ್ರಮಾಣಕ್ಕೆ ಕಟ್ಟುಬಿದ್ದಿದೆ. ಅರ್ಧ ಬಿಸಿಲಿಗೆ ಅರ್ಧ ಆಂಪಿಯರ್. ಅದನ್ನು ಮೀರಿ ಎಳೆದರೆ ವೋಲ್ಟು, ಅಂದರೆ ಒತ್ತಡ, ಒಮ್ಮೆಲೆ ಕುಸಿಯುತ್ತದೆ.

ಶಕ್ತಿಯೆಂದರೆ ವೋಲ್ಟು ಮತ್ತು ಆಂಪಿಯರುಗಳ ಗುಣಾಕಾರ. ತಂತಿ ಕಟ್ಟದೆ ಬಿಟ್ಟ ಫಲಕದಲ್ಲಿ ವೋಲ್ಟು ಪೂರ್ತಿ ಇದ್ದು ಆಂಪಿಯರ್ ಸೊನ್ನೆ. ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದರೆ ಆಂಪಿಯರ್ ಪೂರ್ತಿ, ವೋಲ್ಟು ಸೊನ್ನೆ. ಎರಡರಲ್ಲಿಯೂ ಕೆಲಸ ಸೊನ್ನೆಯೇ. ಎತ್ತುಗಳಿಗೆ ನೊಗ ಮಾತ್ರ ಹೂಡಿ ಬಿಟ್ಟರೆ ಅವು ಜೋರಾಗಿ ನಡೆಯುತ್ತವೆ, ಹೊಲ ಉಳುವುದಿಲ್ಲ. ನೇಗಿಲನ್ನು ಮೊಳದುದ್ದ ಒತ್ತಿಬಿಟ್ಟರೆ ಅವು ನಿಂತೇಬಿಡುತ್ತವೆ, ಆಗಲೂ ಹೊಲ ಉಳುವುದಿಲ್ಲ. ನಡುವೆ ಎಲ್ಲಿಯೋ ಒಂದು ಆಳವಿದೆ, ಅಲ್ಲಿ ದಿನದ ಕೆಲಸ ಅತಿ ಹೆಚ್ಚು ಸಾಗುತ್ತದೆ. ಬಲ್ಲ ಒಕ್ಕಲಿಗನು ಮೇಳಿ ಹಿಡಿದ ಕೈಯಿಂದಲೇ ಆ ಆಳವನ್ನು ಅರಿಯುತ್ತಾನೆ.

ಅಂಕಿಗಳಲ್ಲಿ ಹೇಳುವುದಾದರೆ, 3 ಅಶ್ವಶಕ್ತಿಯ ಪಂಪಿಗೆ ಸುಮಾರು 3000 ವಾಟಿನ ಫಲಕಗಳಿರುತ್ತವೆ. ಒಂದೊಂದು ಸುಮಾರು 334 ವಾಟಿನ ಒಂಬತ್ತು ಫಲಕಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ ಸಾಲಾಗಿ ಜೋಡಿಸಿದೆವೆನ್ನೋಣ. ಫಲಕದ ಹಿಂಬದಿಯ ಚೀಟಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 'ವಿ.ಓ.ಸಿ.' ಎಂದರೆ ತಂತಿ ಬಿಟ್ಟಾಗಿನ ವೋಲ್ಟು, ಅದು 46. 'ಐ.ಎಸ್.ಸಿ.' ಎಂದರೆ ತಂತಿ ಕೂಡಿಸಿದಾಗಿನ ಆಂಪಿಯರ್, ಅದು 9.4. 'ವಿ.ಎಂ.ಪಿ.' 37.5 ಮತ್ತು 'ಐ.ಎಂ.ಪಿ.' 8.9 ಎಂಬಿವು ಅತಿ ಹೆಚ್ಚು ಕೆಲಸ ಆಗುವ ಜಾಗದ ವೋಲ್ಟು, ಆಂಪಿಯರುಗಳು. ಒಂಬತ್ತರ ಸಾಲಿಗೆ ವೋಲ್ಟನ್ನು ಒಂಬತ್ತರಿಂದ ಗುಣಿಸಬೇಕು, ಆಂಪಿಯರ್ ಅಷ್ಟೇ ಉಳಿಯುತ್ತದೆ. ಆಗ ಬಿಟ್ಟ ತಂತಿಗೆ 414 ವೋಲ್ಟು, ಕೆಲಸದ ಜಾಗದಲ್ಲಿ 337.5 ವೋಲ್ಟು. 337.5 ಗುಣಿಸು 8.9, ಅಂದರೆ 3000 ವಾಟು ಆಯಿತು.

ಈಗ ಅದೇ ಸಾಲಿನಿಂದ ಬೇರೆ ಬೇರೆ ರೀತಿ ಎಳೆದು ನೋಡಿರಿ. 300 ವೋಲ್ಟಿನಲ್ಲಿ ಸುಮಾರು 9.2 ಆಂಪಿಯರ್ ಬರುತ್ತದೆ: 2760 ವಾಟು. 380 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಮಾತ್ರ: 2280 ವಾಟು. ಕಾಗದದ ಮೇಲೆ ಬರೆದರೆ ಈ ಗೆರೆ ಬಹಳ ದೂರ ಸಪಾಟಾಗಿ ಬಂದು, ಮೊಣಕಾಲಿನಂತೆ ಬಾಗಿ, ಕಡಿದಾಗಿ ಕೆಳಗಿಳಿಯುತ್ತದೆ. ಆ ಮೊಣಕಾಲೇ ಕೆಲಸದ ಜಾಗ. ಮೇಲಿನ ಅಂಕಿಗಳೆಲ್ಲ ಚದರ ಮೀಟರಿಗೆ 1000 ವಾಟಿನ ಬಿಸಿಲು ಹಾಗೂ ಫಲಕದ ಹರಳಿನ ಉಷ್ಣತೆ 25 ಡಿಗ್ರಿ ಇದ್ದಾಗ ಅಳೆದವು. ನಮ್ಮ ಚೈತ್ರ ವೈಶಾಖದ ಮಧ್ಯಾಹ್ನದಲ್ಲಿ ಫಲಕ 65 ಡಿಗ್ರಿಗೆ ಕಾಯುವುದು ಸಾಮಾನ್ಯ. ಒಂದೊಂದು ಡಿಗ್ರಿಗೆ ಶಕ್ತಿ ನೂರಕ್ಕೆ ಸುಮಾರು 0.4ರಷ್ಟು ಕಡಿಮೆಯಾಗುತ್ತದೆ, ನಲವತ್ತು ಡಿಗ್ರಿಗೆ ನೂರಕ್ಕೆ ಹದಿನಾರು ಹೋಗಿ 3000 ವಾಟಿನದು 2520ಕ್ಕೆ ಬಂತು. ಮೊಣಕಾಲೂ 280 ವೋಲ್ಟಿನ ಆಸುಪಾಸಿಗೆ ಸರಿಯಿತು. ಮಾಘದ ಚಳಿಯ ಮುಂಜಾವಿನಲ್ಲಿ ಇದಕ್ಕೆ ವಿರುದ್ಧವಾಗಿ ಬಿಟ್ಟ ತಂತಿಯ ವೋಲ್ಟು 430 ದಾಟುತ್ತದೆ. ಬೇಸಿಗೆಯಲ್ಲಿ ಫಲಕ ಹೆಚ್ಚು ಕೊಡುತ್ತದೆಂದು ತಿಳಿದವರು ಈ ಲೆಕ್ಕವನ್ನು ಗಮನಿಸಬೇಕು. ಬೇಸಿಗೆಯಲ್ಲಿ ದಿನ ಉದ್ದ, ಆದ್ದರಿಂದ ಒಟ್ಟು ನೀರು ಹೆಚ್ಚು. ಫಲಕದ ಬಲ ಹೆಚ್ಚಿದ್ದಕ್ಕಲ್ಲ.

ಹೀಗೆ ಮೊಣಕಾಲು ಬಿಸಿಲು, ಮೋಡ, ಉಷ್ಣತೆಗಳಿಗೆ ತಕ್ಕಂತೆ ಸದಾ ಸರಿದಾಡುತ್ತಿರುತ್ತದೆ. ಅದನ್ನು ಬೆನ್ನಟ್ಟಿ ಹಿಡಿಯುವುದೇ ಪೆಟ್ಟಿಗೆಯ ಎರಡನೆಯ ಹಾಗೂ ಜಾಣತನದ ಕೆಲಸ. ಪೆಟ್ಟಿಗೆಯ ಮೇಲೆ 'ಎಂ.ಪಿ.ಪಿ.ಟಿ.' ಎಂದು ಬರೆದಿರುವುದರ ಅರ್ಥ ಇದೇ. ಅದು ಕುರುಡನು ಕೋಲೂರಿ ನಡೆಯುವಂತೆ ನಡೆಯುತ್ತದೆ. ಸ್ವಲ್ಪ ಹೆಚ್ಚು ಎಳೆದು ನೋಡುತ್ತದೆ. ವಾಟು ಏರಿದರೆ ಅದೇ ದಿಕ್ಕಿಗೆ ಇನ್ನೊಂದು ಹೆಜ್ಜೆ, ಇಳಿದರೆ ಹಿಂದಕ್ಕೆ ಒಂದು ಹೆಜ್ಜೆ. ಎಳೆಯುವುದನ್ನು ಹೆಚ್ಚು ಕಡಿಮೆ ಮಾಡಲು ಮೋಟರಿನ ವೇಗವನ್ನೇ ಏರಿಳಿಸುತ್ತದೆ. ಮುಂಜಾನೆ ಪಂಪು ನಿಧಾನ, ಮಧ್ಯಾಹ್ನ ಜೋರು ಓಡುವುದು ಇದರಿಂದಲೇ.

ಮಿಸ್ತ್ರಿಯ ಮೇಜಿನ ಮೇಲೆ ಏನಾಗುತ್ತದೆ?

ಪೇಟೆಯಲ್ಲಿ ಪೆಟ್ಟಿಗೆಗೆ 340 ವೋಲ್ಟಿನ ಗಟ್ಟಿಯಾದ ಡಿ.ಸಿ. ಕೊಟ್ಟರೆನ್ನಿ. ಪೆಟ್ಟಿಗೆ ಒಂದು ಹೆಜ್ಜೆ ಹೆಚ್ಚು ಎಳೆಯಿತು; ವೋಲ್ಟು ಬೀಳಲಿಲ್ಲ, ವಾಟು ಏರಿತು. ಇನ್ನೊಂದು ಹೆಜ್ಜೆ, ಮತ್ತೆ ಏರಿತು. ಹೀಗೆ ಮೆಟ್ಟಿಲೇರುತ್ತ ಮೋಟರನ್ನು ಪೂರ್ತಿ ವೇಗಕ್ಕೆ ತಂದು ಸುಮ್ಮನೆ ನಿಂತಿತು. ಬೆನ್ನಟ್ಟುವ ಕೆಲಸವೇ ಅದಕ್ಕೆ ಬೀಳಲಿಲ್ಲ. ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ ಕೇಳಿ, ಅದೂ ಬಲು ಸುಲಭದ್ದನ್ನು ಕೇಳಿ, ಹುಡುಗನನ್ನು ಮೇಲಿನ ತರಗತಿಗೆ ದಾಟಿಸಿದಂತೆ ಆಯಿತು.

ವಿದ್ಯುತ್ ಯಂತ್ರ ಕೊಡಬಲ್ಲ ಆಂಪಿಯರಿಗೆ ಮಿತಿ ಇಟ್ಟರೂ ಪೂರ್ತಿ ಪ್ರಯೋಜನವಿಲ್ಲ. ಆಗ ಗೆರೆಗೆ ಮೊಣಕಾಲಿನ ಬಾಗು ಬಾರದೆ ಗೋಡೆಯ ಮೂಲೆಯಂತೆ ಚೂಪಾದ ತಿರುವು ಬರುತ್ತದೆ. ಮಿತಿ ದಾಟಿದ ಕ್ಷಣದಲ್ಲಿ ವೋಲ್ಟು ದೊಪ್ಪನೆ ಬೀಳುತ್ತದೆ; ಪೆಟ್ಟಿಗೆ ಬೆದರಿ ಹಿಂದೆ ಸರಿದು, ಮತ್ತೆ ಹತ್ತಿ, ಮತ್ತೆ ಬೆದರುತ್ತದೆ. ಒಳ್ಳೆಯ ಪೆಟ್ಟಿಗೆಯೂ ಇಲ್ಲಿ ಕೆಟ್ಟದ್ದೆಂಬ ಹೆಸರು ಹೊರಬಹುದು.

ಇನ್ನೂ ಒಂದು ಮರೆಯಾದ ಕಾರಣವಿದೆ. ಪೆಟ್ಟಿಗೆಯೊಳಗೆ ಕೆಪಾಸಿಟರ್ ಎಂಬ ಡಬ್ಬಿಗಳಿರುತ್ತವೆ. ಅವು ವಿದ್ಯುತ್ತಿನ ಸಣ್ಣ ಹೌದುಗಳು. ಮೋಟರು ತಟ್ಟನೆ ಹೆಚ್ಚು ಬೇಡಿದಾಗ ಒಂದು ಕ್ಷಣ ಕೊಟ್ಟು ಸಂಭಾಳಿಸುತ್ತವೆ. ಬಿಸಿಯಲ್ಲಿ ವರ್ಷಗಟ್ಟಲೆ ಇದ್ದರೆ ಅವುಗಳೊಳಗಿನ ದ್ರವ ಒಣಗಿ ಹೌದು ಕಿರಿದಾಗುತ್ತದೆ. ನಮ್ಮ ಊರಿನ ಒಬ್ಬ ದಾಳಿಂಬೆ ಬೆಳೆಗಾರರ ಪೆಟ್ಟಿಗೆ ಎರಡು ಸಲ ಪೇಟೆಗೆ ಹೋಗಿ ಎರಡು ಸಲವೂ 'ಸರಿ ಇದೆ' ಎಂಬ ಮಾತಿನೊಡನೆ ಮರಳಿತು. ಮೂರನೆಯ ಸಲ ಬೇರೊಬ್ಬ ಮಿಸ್ತ್ರಿ ಅದನ್ನು ಫಲಕದಂತೆ ನಟಿಸುವ ವಿದ್ಯುತ್ತಿಗೆ ಕಟ್ಟಿದ ಕೂಡಲೆ ಅದು ನಿಂತುಹೋಯಿತು. ಕೆಪಾಸಿಟರ್ ಒಣಗಿತ್ತು. ಮೊದಲ ಅಂಗಡಿಯ ಯಂತ್ರದೊಳಗೆ ತನ್ನದೇ ದೊಡ್ಡ ಕೆಪಾಸಿಟರುಗಳಿದ್ದುದರಿಂದ, ಅವು ಪೆಟ್ಟಿಗೆಯ ಕೊರತೆಯನ್ನು ತಾವೇ ತುಂಬಿ ಮುಚ್ಚಿಟ್ಟಿದ್ದವು. ಫಲಕಕ್ಕೆ ಅಂಥ ದೊಡ್ಡ ಹೌದು ಇಲ್ಲ. ಡಬ್ಬಿ ಬದಲಿಸಿದ ಮೇಲೆ ಪಂಪು ನಡೆಯಿತು. ನಡುವೆ ಹೋದ ಮೂರು ವಾರದ ನೀರು ಮಾತ್ರ ಮರಳಲಿಲ್ಲ.

ನಕಲು ಮಾಡುವ ದಾರಿಗಳು

ಎಲ್ಲಕ್ಕಿಂತ ಅಗ್ಗದ ದಾರಿಯೆಂದರೆ ಗಟ್ಟಿ ವಿದ್ಯುತ್ತಿಗೂ ಪೆಟ್ಟಿಗೆಗೂ ನಡುವೆ ಒಂದು ಪ್ರತಿರೋಧ, ಅಂದರೆ ತಂತಿಸುರುಳಿ, ಹಾಕುವುದು. ಸಣ್ಣ ಪ್ರಮಾಣದಲ್ಲಿ ಶಾಲೆಯ ಮೇಜಿನ ಮೇಲೆಯೇ ಇದನ್ನು ಮಾಡಿ ತೋರಿಸಬಹುದು. 12 ವೋಲ್ಟಿನ ಮೂರು ಬ್ಯಾಟರಿಗಳನ್ನು ಸಾಲಾಗಿ ಕಟ್ಟಿ 36 ವೋಲ್ಟು ಮಾಡಿರಿ. 1000 ವಾಟಿನ ವಿದ್ಯುತ್ ಒಲೆಯ ಸುರುಳಿಗೆ ಸುಮಾರು 53 ಓಮ್ ಪ್ರತಿರೋಧ. ಅದರ ಒಂಬತ್ತನೆಯ ಒಂದು ಭಾಗ ಕತ್ತರಿಸಿದರೆ 6 ಓಮ್ ಸಿಕ್ಕಿತು. ಬ್ಯಾಟರಿಯ ಬುಡದಲ್ಲಿಯೇ 10 ಆಂಪಿಯರಿನ ಫ್ಯೂಜು ಹಾಕುವುದನ್ನು ಬಿಡಬಾರದು. ಈಗ ಏನೂ ಎಳೆಯದಿದ್ದರೆ 36 ವೋಲ್ಟು. ಒಂದೂವರೆ ಆಂಪಿಯರ್ ಎಳೆದರೆ ಸುರುಳಿಯಲ್ಲಿ 9 ವೋಲ್ಟು ಹೋಗಿ 27 ಉಳಿಯುತ್ತದೆ: 40.5 ವಾಟು. 3 ಆಂಪಿಯರ್ ಎಳೆದರೆ 18 ವೋಲ್ಟು: 54 ವಾಟು. 4.5 ಎಳೆದರೆ 9 ವೋಲ್ಟು: ಮತ್ತೆ 40.5 ವಾಟು. ಏರಿ ಇಳಿಯುವ ಗುಡ್ಡ ಸಿದ್ಧವಾಯಿತಲ್ಲವೆ? ಎಂ.ಪಿ.ಪಿ.ಟಿ. ಇರುವ ಸಣ್ಣ ಚಾರ್ಜ್ ಕಂಟ್ರೋಲರನ್ನು ಇದಕ್ಕೆ ಕಟ್ಟಿ ಮೀಟರು ಹಿಡಿದರೆ, ಅದು ತಡಕಾಡುತ್ತ ಹೋಗಿ 18 ವೋಲ್ಟಿನ ಹತ್ತಿರ ನಿಲ್ಲಬೇಕು. 12 ವೋಲ್ಟಿನ ಬ್ಯಾಟರಿ ತುಂಬಿಸುವ ಕಂಟ್ರೋಲರಿಗೆ ಇದು ಹೊಂದುತ್ತದೆ. ಅದು 36 ವೋಲ್ಟು ತಾಳುವುದೇ ಎಂದು ಮೊದಲು ಚೀಟಿ ನೋಡಬೇಕು. ತುಂಬಿದ ಬ್ಯಾಟರಿಗೆ ಕಟ್ಟಿದರೆ ಅದು ಎಳೆಯುವುದೇ ಇಲ್ಲ, ಆದ್ದರಿಂದ ಅರ್ಧ ಬರಿದಾದದ್ದನ್ನು ಕಟ್ಟತಕ್ಕದ್ದು.

ಈ ದಾರಿಯ ಕೊರತೆ ಎರಡು. ಒಂದು, ಪೆಟ್ಟಿಗೆಗೆ 54 ವಾಟು ಹೋಗುವಾಗ ಸುರುಳಿಯಲ್ಲಿ ಅಷ್ಟೇ 54 ವಾಟು ಬಿಸಿಯಾಗಿ ಹಾಳಾಗುತ್ತದೆ. ತಂತಿಗಳು ಒಂದಕ್ಕೊಂದು ತಗುಲಿದರೆ ಸುರುಳಿಗೆ 216 ವಾಟು ಬಿದ್ದು ಕೆಂಪಗೆ ಕಾಯುತ್ತದೆ. ಹೆಂಚಿನ ಚೂರಿನ ಮೇಲಿಡಬೇಕು, ಮರದ ಮೇಲಲ್ಲ. ಎರಡು, ಗುಡ್ಡದ ತುದಿ ಯಾವಾಗಲೂ ಬಿಟ್ಟ ವೋಲ್ಟಿನ ಸರಿ ಅರ್ಧಕ್ಕೆ ಬರುತ್ತದೆ. ನಿಜವಾದ ಫಲಕದಲ್ಲಿ ಅದು ನೂರಕ್ಕೆ ಎಂಬತ್ತರ ಹತ್ತಿರ. ನಮ್ಮ ಸಾಲಿನ 414ಕ್ಕೆ 337.5 ಇದ್ದಂತೆ. ದೊಡ್ಡ ಪೆಟ್ಟಿಗೆಗೆ 300 ವೋಲ್ಟಿನ ತುದಿ ಬೇಕೆಂದರೆ 600 ವೋಲ್ಟು ಕೊಡಬೇಕಾಗುತ್ತದೆ. ಅಷ್ಟನ್ನು ಪೆಟ್ಟಿಗೆ ತಾಳದಿದ್ದರೆ ಪರೀಕ್ಷೆಯಲ್ಲಿಯೇ ಅದು ಸುಟ್ಟುಹೋದೀತು. ಆದರೂ ಸುರುಳಿಯ ಆಚೆಗಿರುವ ಯಂತ್ರದ ಕೆಪಾಸಿಟರ್ ಪೆಟ್ಟಿಗೆಗೆ ನೇರವಾಗಿ ನೆರವಾಗಲಾರದು. ಮೇಲೆ ಹೇಳಿದ ಒಣಗಿದ ಡಬ್ಬಿಯಂಥ ದೋಷ ಈ ಸರಳ ಉಪಾಯದಿಂದಲೂ ಹೊರಬೀಳುತ್ತದೆ. ಲಿಫ್ಟು, ಕ್ರೇನುಗಳ ಡ್ರೈವಿಗೆ ಹಾಕುವ ಬ್ರೇಕ್ ರೆಸಿಸ್ಟರುಗಳು ಕಾರ್ಯಾಗಾರದವರಿಗೆ ಇದಕ್ಕೆ ತಕ್ಕವು. ಮನೆಯ ಬಲ್ಬುಗಳನ್ನು ಇದಕ್ಕೆ ಬಳಸುವುದು ಸಲ್ಲ. ತಣ್ಣಗಿನ ಬಲ್ಬಿನ ಪ್ರತಿರೋಧ ಉರಿಯುವ ಬಲ್ಬಿನ ಹತ್ತನೆಯ ಒಂದು ಪಾಲೂ ಇರದ ಕಾರಣ ಗೆರೆ ಅಂಕುಡೊಂಕಾಗುತ್ತದೆ.

ಎರಡನೆಯ ದಾರಿ ಹೆಚ್ಚು ಚೆಲುವಾದದ್ದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೆಚ್ಚಿನದು. ಸೌರ ಫಲಕದ ಪ್ರತಿಯೊಂದು ಹರಳೂ ಒಂದು ಡಯೋಡ್, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು. ಬಿಸಿಲು ಬಿದ್ದಾಗ ಹರಳಿನೊಳಗೆ ಒಂದು ನಿರ್ದಿಷ್ಟ ಪ್ರವಾಹ ಹುಟ್ಟುತ್ತದೆ. ಹೊರಗೆ ಯಾರೂ ಅದನ್ನು ಒಯ್ಯದಿದ್ದರೆ ವೋಲ್ಟು ಏರುತ್ತ ಹೋಗಿ, ಆ ಡಯೋಡಿನ ಬಾಗಿಲು ತೆರೆದುಕೊಂಡು, ಪ್ರವಾಹವೆಲ್ಲ ಒಳಗೊಳಗೇ ಸುತ್ತಿ ಬಿಸಿಯಾಗಿ ಹೋಗುತ್ತದೆ. ಹೊರಗೆ ಒಯ್ದರೆ ಒಳಗೆ ಸುತ್ತುವುದು ಅಷ್ಟು ಕಡಿಮೆ. ಮೊಣಕಾಲಿನ ಬಾಗು ಹುಟ್ಟುವುದೇ ಈ ಬಾಗಿಲಿನಿಂದ.

ಹಾಗಾದರೆ ಬಿಸಿಲಿನ ಕೆಲಸವನ್ನು ಯಂತ್ರದಿಂದ ಮಾಡಿಸಿದರೆ? ಒಂದು ನಿಜವಾದ ಫಲಕವನ್ನು ಕೋಣೆಯಲ್ಲಿ ಬೋರಲು ಮಲಗಿಸಿ ಇಲ್ಲವೆ ದಪ್ಪ ಕರಿ ಕಂಬಳಿ ಹೊದಿಸಿ, ಅದರ ಧನ ತಂತಿಗೆ ಯಂತ್ರದ ಧನವನ್ನು, ಋಣಕ್ಕೆ ಋಣವನ್ನು ಕಟ್ಟಿ, ಯಂತ್ರದ ಆಂಪಿಯರಿನ ಮಿತಿಯನ್ನು ನಮಗೆ ಬೇಕಾದ ಬಿಸಿಲಿಗೆ ಸರಿಯಾಗಿ ಇಡುವುದು. 9.4 ಎಂದರೆ ಪೂರ್ತಿ ಬಿಸಿಲು, 4.7 ಎಂದರೆ ಅರ್ಧ. ಯಂತ್ರದ ವೋಲ್ಟಿನ ಮಿತಿ ಫಲಕದ ವಿ.ಓ.ಸಿ.ಗಿಂತ ತುಸು ಮೇಲಿರಬೇಕು. 46ರ ಫಲಕಕ್ಕೆ 50 ಸಾಕು. ಆ ಎರಡೇ ತಂತಿಗಳಿಂದ ಪರೀಕ್ಷೆಯ ಪೆಟ್ಟಿಗೆಗೂ ಎಳೆದುಕೊಂಡರಾಯಿತು. ಕತ್ತಲಲ್ಲಿ ಮಲಗಿದ ಫಲಕ ಹೊರಗೆ ಬಿಸಿಲಿನಲ್ಲಿ ಹೇಗೋ ಹಾಗೆಯೇ ನಡೆದುಕೊಳ್ಳುತ್ತದೆ.

ಇದರಿಂದ ಫಲಕ ಸುಟ್ಟುಹೋಗದೆ ಎಂದು ಕೇಳುವವರುಂಟು. ಲೆಕ್ಕ ಹಾಕಿ ನೋಡೋಣ. ಪೆಟ್ಟಿಗೆ ಏನೂ ಎಳೆಯದಿದ್ದಾಗ 46 ವೋಲ್ಟು, 9.4 ಆಂಪಿಯರ್, ಅಂದರೆ ಸುಮಾರು 430 ವಾಟು ಫಲಕದೊಳಗೆ ಬಿಸಿಯಾಗುತ್ತದೆ. ಫಲಕದ ವಿಸ್ತಾರ ಸುಮಾರು ಎರಡು ಚದರ ಮೀಟರ್. ಹೊರಗಿನ ಪೂರ್ತಿ ಬಿಸಿಲಿನಲ್ಲಿ ಅದರ ಮೇಲೆ ಸುಮಾರು 2000 ವಾಟು ಬೀಳುತ್ತಿರುತ್ತದೆ. ಅದನ್ನು ತಾಳುವ ಫಲಕಕ್ಕೆ ಇದು ಭಾರವಲ್ಲ. ಕಂಬಳಿ ಮಾತ್ರ ಮುಂಬದಿಗೆ ಇರಲಿ, ಹಿಂಬದಿಗೆ ಗಾಳಿಯಾಡುವಂತೆ ಬಿಡಬೇಕು. ಫಲಕ ಸಿಗದಿದ್ದಲ್ಲಿ ಬಿಡಿ ಡಯೋಡುಗಳ ಸರ ಪೋಣಿಸಿಯೂ ಮಾಡಬಹುದು. ಸಾಮಾನ್ಯ 6 ಆಂಪಿಯರಿನ 26ರಿಂದ 28 ಡಯೋಡುಗಳ ಸರಕ್ಕೆ 3 ಆಂಪಿಯರ್ ಬಿಟ್ಟರೆ 12 ವೋಲ್ಟಿನ ಪದ್ಧತಿಯ ಸಣ್ಣ ಫಲಕದಂತೆ 22 ವೋಲ್ಟಿನ ಸುಮಾರು ಬರುತ್ತದೆ. ಆದರೆ ಅಷ್ಟು ಸಣ್ಣ ಕಾಳುಗಳಲ್ಲಿ 66 ವಾಟು ಬಿಸಿ ಹುಟ್ಟುವುದರಿಂದ ಅವನ್ನು ಅಗಲವಾಗಿ ಹರಡಿ ಫ್ಯಾನಿನ ಗಾಳಿ ಕೊಡಬೇಕು.

ಈ ಉಪಾಯದ ನಿಜವಾದ ಲಾಭ ಯಂತ್ರದ ಗುಬುಟಿನಲ್ಲಿದೆ. ಹೊಲದಲ್ಲಿ ಮೋಡ ನಮ್ಮ ಮಾತು ಕೇಳಿ ಬರುವುದಿಲ್ಲ. ಇಲ್ಲಿ ಆಂಪಿಯರಿನ ಗುಬುಟನ್ನು 9ರಿಂದ 3ಕ್ಕೆ ಸರ್ರನೆ ತಿರುಗಿಸಿದರೆ ಮೋಡ ಬಂತು, ಮತ್ತೆ ಏರಿಸಿದರೆ ಮೋಡ ಹೋಯಿತು. ಆಷಾಢದ ಚದುರಿದ ಮೋಡಗಳ ದಿನವನ್ನು ಹತ್ತು ನಿಮಿಷದಲ್ಲಿ ಪೆಟ್ಟಿಗೆಗೆ ತೋರಿಸಬಹುದು. ಸಾಲದ್ದಕ್ಕೆ ನಿಧಾನವಾಗಿ ಸೊನ್ನೆಯಿಂದ ಏರಿಸಿದರೆ ಬೆಳಗು, ಇಳಿಸಿದರೆ ಸಂಜೆ. ಎಷ್ಟು ಬಿಸಿಲಿಗೆ ಪೆಟ್ಟಿಗೆ ಎಚ್ಚರಗೊಳ್ಳುತ್ತದೆ, ಎಷ್ಟಕ್ಕೆ ಮಲಗುತ್ತದೆ ಎಂಬುದೂ ತಿಳಿಯುತ್ತದೆ.

ಒಂದು ಫಲಕದಿಂದ ಸಣ್ಣ ಕಂಟ್ರೋಲರುಗಳ ಪರೀಕ್ಷೆ ಮಾತ್ರ ಸಾಧ್ಯ. 414 ವೋಲ್ಟಿನ ಇಡೀ ಸಾಲನ್ನು ನಟಿಸಲು ಪ್ರಯೋಗಾಲಯಗಳಲ್ಲಿ ಅದಕ್ಕೆಂದೇ ಮಾಡಿದ ಯಂತ್ರಗಳಿವೆ. ಫಲಕದ ನಾಲ್ಕು ಅಂಕಿ, ಬಿಸಿಲು, ಉಷ್ಣತೆ ಇವನ್ನು ಬರೆದುಕೊಟ್ಟರೆ ಅವು ಆ ಗೆರೆಯನ್ನೇ ಹುಟ್ಟಿಸಿ ಕೊಡುತ್ತವೆ. ಅರ್ಧ ಸಾಲಿಗೆ ಬೇವಿನ ಮರದ ನೆರಳು ಬಿದ್ದಾಗ ಗೆರೆಗೆ ಎರಡು ದಿಬ್ಬಗಳು ಬರುತ್ತವೆ. ಕೋಲೂರಿ ನಡೆಯುವ ಪೆಟ್ಟಿಗೆ ಸಣ್ಣ ದಿಬ್ಬವನ್ನೇ ಹತ್ತಿ ಅದನ್ನೇ ಬೆಟ್ಟವೆಂದು ತಿಳಿದು ಕುಳಿತುಬಿಡಬಹುದು. ಇಂಥದ್ದನ್ನೂ ಆ ಯಂತ್ರಗಳು ನಟಿಸುತ್ತವೆ. ಯುರೋಪಿನ ಇ.ಎನ್. 50530 ಎಂಬ 2010ರ ಮಾನಕದಲ್ಲಿ ಬಿಸಿಲನ್ನು ನೂರಕ್ಕೆ 10ರಿಂದ 50ಕ್ಕೂ, 30ರಿಂದ 100ಕ್ಕೂ ಬೇರೆ ಬೇರೆ ವೇಗದಲ್ಲಿ ಏರಿಳಿಸಿ, ಪೆಟ್ಟಿಗೆ ಎಷ್ಟರಮಟ್ಟಿಗೆ ಬೆನ್ನಟ್ಟಿತೆಂದು ಅಳೆಯುವ ಕ್ರಮ ಹೇಳಿದೆ. ನಮ್ಮ ದೇಶದಲ್ಲಿ ಸೌರ ವಿದ್ಯುತ್ತಿನ ಪರೀಕ್ಷೆ, ಸಂಶೋಧನೆಗಳಿಗಾಗಿ ಗುರುಗ್ರಾಮದ ಹತ್ತಿರ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ಇದೆ.

ಉಪಗ್ರಹ ಕಟ್ಟುವವರಿಗೂ ಈ ನಟನೆ ಬೇಕೇ ಬೇಕು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಮೇಲೇರಿದ 'ಆರ್ಯಭಟ'ದ ಮೈಗೆ ಸೌರ ಹರಳುಗಳನ್ನು ಹೊದಿಸಿದ್ದರು. ಕೆಲವೇ ದಿನಗಳಲ್ಲಿ ಅದರ ವಿದ್ಯುತ್ ಭಾಗದಲ್ಲಿ ದೋಷ ಬಂದು ವೈಜ್ಞಾನಿಕ ಪ್ರಯೋಗಗಳು ನಿಂತವು. ಮೇಲೆ ಹೋದದ್ದನ್ನು ಇಳಿಸಿ ದುರಸ್ತಿ ಮಾಡುವಂತಿಲ್ಲವಾದ್ದರಿಂದ, ಉಪಗ್ರಹಗಳ ವಿದ್ಯುತ್ ಅಂಗಗಳನ್ನು ನೆಲದ ಮೇಲಿದ್ದಾಗಲೇ ನಟನೆಯ ಫಲಕದಿಂದ ನಡೆಸಿ ನೋಡುತ್ತಾರೆ. ನಮ್ಮ ಪೆಟ್ಟಿಗೆಯನ್ನು ಕಂಬದಿಂದ ಇಳಿಸಬಹುದು, ಅಷ್ಟು ವ್ಯತ್ಯಾಸ.

ಪ್ರಾಣದ ಮಾತು

ಇಲ್ಲಿ ಹುಡುಗರಿಗೆ ಕಟ್ಟುನಿಟ್ಟಾಗಿ ಹೇಳಬೇಕಾದದ್ದಿದೆ. 300, 400 ವೋಲ್ಟಿನ ಡಿ.ಸಿ. ಮನೆಯ ಏ.ಸಿ.ಯಂತಲ್ಲ. ಏ.ಸಿ. ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಸ್ವಿಚ್ಚಿನ ಕಿಡಿ ತಾನಾಗಿ ಆರುತ್ತದೆ. ಡಿ.ಸಿ. ಎಂದೂ ಸೊನ್ನೆಗೆ ಬಾರದು. ಎಳೆಯುತ್ತಿರುವ ತಂತಿಯನ್ನು ಕಿತ್ತರೆ ಕಿಡಿ ನಂದದೆ ಬೆಂಕಿಯ ನಾಲಿಗೆಯಾಗಿ ನಿಲ್ಲುತ್ತದೆ. ಮನೆಯ ಸ್ವಿಚ್ಚುಗಳು ಇದಕ್ಕೆ ನಡೆಯುವುದಿಲ್ಲ, ಡಿ.ಸಿ.ಗೆಂದು ಬರೆದ ಸ್ವಿಚ್ಚೇ ಬೇಕು.

ಕೆಲವು ಕಡೆ ಗೋಡೆಯ ಪ್ಲಗ್ಗಿನಿಂದ ನೇರವಾಗಿ ರೆಕ್ಟಿಫಾಯರ್, ಕೆಪಾಸಿಟರ್ ಕಟ್ಟಿ ಡಿ.ಸಿ. ಮಾಡುವ ದುರಭ್ಯಾಸವಿದೆ. 230 ವೋಲ್ಟಿನಿಂದ ಹೀಗೆ 325 ವೋಲ್ಟು ಡಿ.ಸಿ. ಸಿಗುತ್ತದೆ ನಿಜ, ಆದರೆ ಅದರ ಎರಡೂ ತಂತಿಗಳು ಕಂಬದ ಲೈನಿಗೆ ಅಂಟಿಕೊಂಡೇ ಇರುತ್ತವೆ, ಬರಿಗಾಲಿನವನು ಯಾವುದನ್ನು ಮುಟ್ಟಿದರೂ ಅಪಾಯ. ವೋಲ್ಟು ತಿರುಗಿಸುವ ವೇರಿಯಾಕ್ ಹಾಕಿದರೂ ಈ ಅಂಟು ಬಿಡುವುದಿಲ್ಲ. ಎರಡು ಬೇರೆ ಸುರುಳಿಗಳುಳ್ಳ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ನಡುವೆ ಇರಲೇಬೇಕು. ವಿದ್ಯುತ್ತು ತೆಗೆದ ಮೇಲೂ ಪೆಟ್ಟಿಗೆಯ ಕೆಪಾಸಿಟರಿನಲ್ಲಿ ಕೆಲವು ನಿಮಿಷ ವಿಷ ಉಳಿದಿರುತ್ತದೆ. ಚೀಟಿಯಲ್ಲಿ ಬರೆದಷ್ಟು ಹೊತ್ತು ಕಾದು, ಮೀಟರಿನಿಂದ ನೋಡಿ, ಆಮೇಲೆ ಕೈ ಹಾಕತಕ್ಕದ್ದು. 36 ವೋಲ್ಟಿನ ಶಾಲೆಯ ಪ್ರಯೋಗವನ್ನು ಬಿಟ್ಟು ಉಳಿದದ್ದನ್ನು ಬಲ್ಲ ಮಿಸ್ತ್ರಿಯ ಸಂಗಡವಲ್ಲದೆ ಒಬ್ಬರೇ ಮಾಡಕೂಡದು.

ಪರೀಕ್ಷೆಯ ಕಾಲಕ್ಕೆ ಪೆಟ್ಟಿಗೆಯ ಇನ್ನೊಂದು ತುದಿಗೆ ಮೋಟರು ಬೇಕಲ್ಲ, ಅದಕ್ಕೆ ನೀರೊಳಗಿನ ಸಬ್‌ಮರ್ಸಿಬಲ್ ಮೋಟರನ್ನು ಒಣನೆಲದ ಮೇಲೆ ಓಡಿಸಬೇಡಿರಿ. ಅದರ ಬೇರಿಂಗಿಗೆ ನೀರೇ ಎಣ್ಣೆ, ಒಣಗಿ ಓಡಿದರೆ ಸವೆದುಹೋಗುತ್ತದೆ. ಸಾಮಾನ್ಯ ಮೂರು ಫೇಜಿನ ಮೋಟರು ಸಾಕು, ಆದರೆ ಅದಕ್ಕೆ ಯಾವುದಾದರೂ ಹೊರೆ ಕಟ್ಟಬೇಕು. ಬರಿದೇ ತಿರುಗುವ ಮೋಟರು ಬಹು ಕಡಿಮೆ ಎಳೆಯುವುದರಿಂದ ಪೆಟ್ಟಿಗೆ ಮೊಣಕಾಲಿನ ಹತ್ತಿರಕ್ಕೂ ಬರಲಾರದು.

ರೈತನು ಮಾಡಬೇಕಾದದ್ದು

ಪೆಟ್ಟಿಗೆ ವಾರಂಟಿಯ ಅವಧಿಯಲ್ಲಿದ್ದರೆ ಅದನ್ನು ಬಿಚ್ಚಲೇಬೇಡಿರಿ. ಮೇಲೆ ಹೇಳಿದ ಮಹಾರಾಷ್ಟ್ರದ ಯೋಜನೆಯಲ್ಲಿ ಐದು ವರ್ಷಗಳ ದುರಸ್ತಿಯ ಹೊಣೆ ಕಂಪನಿಯದು. ಮೊಹರು ಒಡೆದರೆ ಆ ಹಕ್ಕು ಹೋದೀತು. ದೂರು ಕೊಟ್ಟು ದೂರಿನ ನಂಬರನ್ನು ಬರೆದಿಟ್ಟುಕೊಳ್ಳಿರಿ. ಅಲ್ಲಿಯ ವ್ಯವಹಾರ ಮರಾಠಿಯಲ್ಲಿ ನಡೆಯುವುದರಿಂದ ತಿಳಿಯದಿದ್ದರೆ ಓದುಬಲ್ಲ ಮಗನನ್ನೋ ಸೊಸೆಯನ್ನೋ ಜೊತೆಗೆ ಕೂಡಿಸಿಕೊಂಡು ಬರೆಸಿರಿ.

ಅವಧಿ ಮುಗಿದಿದ್ದರೆ, ಪೇಟೆಗೆ ಹೊರಡುವ ಮುಂಚೆ ಒಂದು ಚೀಟಿಯಲ್ಲಿ ಕೆಲವು ಸಂಗತಿ ಬರೆಯಿರಿ. ಪಂಪು ನಿಂತದ್ದು ಎಷ್ಟು ಗಂಟೆಗೆ, ಆಗ ಬಿಸಿಲಿತ್ತೋ ಮೋಡವಿತ್ತೋ, ಪೆಟ್ಟಿಗೆಯ ಕಿಂಡಿಯಲ್ಲಿ ಯಾವ ಅಕ್ಷರ, ಯಾವ ಅಂಕಿ ಮೂಡಿತ್ತು, ನಿಲ್ಲುವ ಮೊದಲು ಕಿಂಡಿಯಲ್ಲಿ ವೋಲ್ಟು ಎಷ್ಟಿತ್ತು. ಫಲಕಗಳ ಧೂಳು ಒರೆಸಿ, ಮರದ ಟೊಂಗೆಯ ನೆರಳು ಯಾವುದರ ಮೇಲಾದರೂ ಬೀಳುತ್ತದೆಯೇ ನೋಡಿರಿ. ಒಂಬತ್ತು ಫಲಕಗಳ ಸಾಲಿನ ಬಿಟ್ಟ ವೋಲ್ಟು 414ರ ಬದಲು ಬೇಸಿಗೆಯಲ್ಲಿ 365 ಇದ್ದರೆ ಅದು ಕಾವಿನ ಫಲ, ಚಿಂತೆ ಬೇಡ. 320ರ ಸುಮಾರಿಗೆ ಇಳಿದಿದ್ದರೆ ಒಂದು ಫಲಕವೇ ಸಾಲಿನಿಂದ ತಪ್ಪಿಹೋದಂತೆ. ಆಗ ಪೆಟ್ಟಿಗೆಯನ್ನು ಹೊತ್ತು ತಿರುಗಿ ಪ್ರಯೋಜನವಿಲ್ಲ. ಈ ವೋಲ್ಟನ್ನು ಅಳೆಯುವುದು ಮಾತ್ರ ತಿಳಿದವನ ಕೈಯಿಂದಲೇ ಆಗಲಿ.

ಅಂಗಡಿಯಲ್ಲಿ ಪೆಟ್ಟಿಗೆಯನ್ನು ಒಪ್ಪಿಸುವಾಗ ಎರಡು ಪ್ರಶ್ನೆ ಕೇಳಿರಿ: ಇದನ್ನು ಗಟ್ಟಿ ಸಪ್ಲೈಗೆ ಕಟ್ಟಿ ನೋಡುವಿರೋ, ಫಲಕದಂತೆ ನಟಿಸುವುದಕ್ಕೋ? ಮೋಟರಿಗೆ ಹೊರೆ ಕೊಡುವಿರೋ, ಬರಿದೇ ತಿರುಗಿಸುವಿರೋ? ಅಂಥ ಸಲಕರಣೆ ಅವರಲ್ಲಿ ಇಲ್ಲವೆಂದರೆ ಅದೂ ತಪ್ಪಲ್ಲ. ಅಂಗಡಿಯ ಮಾಳಿಗೆಯ ಮೇಲೆ ತಕ್ಕಷ್ಟು ಫಲಕಗಳಿದ್ದರೆ ಬಿಸಿಲೇರಿದ ಮೇಲೆ ಅವುಗಳಿಗೇ ಕಟ್ಟಿ ಒಂದು ತಾಸು ನಡೆಸಿ ತೋರಿಸಲು ಹೇಳಿರಿ, ಮತ್ತು ಆ ಒಂದು ತಾಸು ಅಲ್ಲಿಯೇ ಕುಳಿತುಕೊಳ್ಳಿರಿ.